ಪಡಖಾನೆಗೆ ಎದುರಾಗಿ ಕಟ್ಟಿದ ಮನೆ: ಪಾನತ್ಯಾಗಿಗಳ ಬಾಂಧವ ಸಂಘಗಳು ಬೆಳೆದದ್ದು, ಕರಗಿದ್ದು

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೂಲಿಕಾರರು ಕಾಯಿಲೆಗೂ ಸಾವಿನ ಖರ್ಚಿಗೂ ಆಗಲೆಂದು ವಾರವಾರ ನಾಲ್ಕು ಕಾಸು ಕೂಡಿಹಾಕುತ್ತಿದ್ದರು. ಅದಕ್ಕೆ ಊರೂರಲ್ಲಿ ಸಹಾಯ ಸಂಘಗಳಿದ್ದವು. ಹಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಬೀಗದ ಕೈ ಮೂವರ ಹತ್ತಿರ. ನಮ್ಮ ಸ್ವಸಹಾಯ ಸಂಘಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಆ ಪೆಟ್ಟಿಗೆ ಇರುತ್ತಿದ್ದ ಜಾಗ ಪಡಖಾನೆ. ಸಭೆಗೆ ಕೋಣೆ ಬಿಟ್ಟುಕೊಟ್ಟ ಪಡಖಾನೆಯವನು ಬಾಡಿಗೆಯ ಬದಲು, ಬಂದವರೆಲ್ಲ ಇಷ್ಟು ಬಿಯರ್ ಕುಡಿದು ಹೋಗಬೇಕೆಂದು ಮಾತು ಮಾಡಿಕೊಳ್ಳುತ್ತಿದ್ದ. ಇದಕ್ಕೆ ‘ಒದ್ದೆ ಬಾಡಿಗೆ’ ಎಂಬ ಹೆಸರೇ ಇತ್ತು. ಕೆಲಸವಿಲ್ಲದ ದರ್ಜಿಯೋ ಬಡಗಿಯೋ ಕೆಲಸದ ಸುದ್ದಿ ಕೇಳಲು ಹೋಗಬೇಕಾದದ್ದು ತನ್ನ ಕಸುಬಿನವರು ಸೇರುವ ಪಡಖಾನೆಗೆ. ಎಷ್ಟೋ ಕಡೆ ವಾರದ ಕೂಲಿ ಬಟವಾಡೆಯೂ ಅಲ್ಲೇ. ಪಡಖಾನೆಯಲ್ಲಿ ಕೂಲಿ ಕೊಡಬಾರದೆಂದು ಬ್ರಿಟಿಷ್ ಸಂಸತ್ತು ಸಾಮಾನ್ಯ ಕಾಯಿದೆ ತಂದದ್ದು 1883ರಲ್ಲಿ.

ಹೀಗಿರುವಾಗ ಒಬ್ಬ ಕುಡಿತ ಬಿಟ್ಟನೆಂದರೆ ಕಾಯಿಲೆಯ ಹಣ, ಕೆಲಸದ ಸುದ್ದಿ, ಸಂಜೆಯ ಬೆಂಕಿ, ಗೆಳೆಯರು ಎಲ್ಲವನ್ನೂ ಬಿಟ್ಟ ಹಾಗೆ. ‘ಕುಡಿಯಬೇಡ’ ಎಂಬ ಉಪದೇಶ ಅಂಥವನ ಮೇಲೆ ಏಕೆ ನಾಟಲಿಲ್ಲ, ಪೆಟ್ಟಿಗೆ, ಸಭೆ, ಹಾಡು, ಹಸಿಬೆಗಳಿದ್ದ ಪಾನತ್ಯಾಗಿಗಳ ಬಾಂಧವ ಸಂಘಗಳು ಏಕೆ ಕಾಳ್ಗಿಚ್ಚಿನ ಹಾಗೆ ಹಬ್ಬಿದವು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅವು ಬೋಧನೆಗೆ ನಿಲ್ಲದೆ ಪಡಖಾನೆ ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಎತ್ತಿಕೊಂಡು, ಮದ್ಯವಿಲ್ಲದೆ ನಡೆಸಿ ತೋರಿಸಿದವು. ಮುಂದೆ ಆ ಕೆಲಸಗಳನ್ನು ಬೇರೆಯವರು ಒಂದೊಂದಾಗಿ ಕಿತ್ತುಕೊಂಡಾಗ ಅವೂ ಬಡವಾದವು.

1835ರಲ್ಲಿ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡ್‌ನಲ್ಲಿ ಹುಟ್ಟಿದ ‘ಇಂಡಿಪೆಂಡೆಂಟ್ ಆರ್ಡರ್ ಆಫ್ ರೆಕಾಬೈಟ್ಸ್’ ಸಂಘದ ಉದ್ದೇಶ ನೇರವಾಗಿ ಇದೇ: ಪೆಟ್ಟಿಗೆಯನ್ನು ಪಡಖಾನೆಯಿಂದ ಹೊರಗೆ ತರುವುದು. ಹೆಸರು ಬೈಬಲಿನದು. ಯೆರೆಮೀಯನ ಗ್ರಂಥದ 35ನೇ ಅಧ್ಯಾಯದಲ್ಲಿ ರೇಕಾಬ್ಯರ ಕತೆ ಬರುತ್ತದೆ. ದ್ರಾಕ್ಷಾರಸ ಕುಡಿಯಬೇಡಿ, ಮನೆ ಕಟ್ಟಬೇಡಿ, ಗುಡಾರಗಳಲ್ಲೇ ಬಾಳಿ ಎಂದು ಹಿರಿಯನು ವಿಧಿಸಿದ್ದನ್ನು ಅವರು ತಲೆಮಾರುಗಳವರೆಗೆ ಮೀರಲಿಲ್ಲ. ಅದಕ್ಕೇ ಈ ಸಂಘದ ಶಾಖೆಗಳಿಗೆ ‘ಗುಡಾರ’ ಎಂದೇ ಹೆಸರು.

ಇನ್ನೊಂದು ಮಾತನ್ನು ಇಲ್ಲೇ ಬಿಡಿಸಿಕೊಳ್ಳಬೇಕು. ಇಂಗ್ಲಿಷಿನ ‘ಟೆಂಪರೆನ್ಸ್’ ಎಂದರೆ ಮೂಲದಲ್ಲಿ ಹಿತಮಿತ. ನಮ್ಮ ರಾಜ್ಯದ ‘ಮದ್ಯಪಾನ ಸಂಯಮ ಮಂಡಳಿ’ಯ ಹೆಸರಿನಲ್ಲಿ ಇರುವುದೂ ಅದೇ ಅರ್ಥ. 1826ರಲ್ಲಿ ಬಾಸ್ಟನ್‌ನಲ್ಲಿ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಆರಂಭವಾದಾಗ ಜಗಳ ಇದ್ದದ್ದು ವಿಸ್ಕಿ, ರಮ್‌ಗಳಂಥ ಭಟ್ಟಿ ಸಾರಾಯಿಯ ಜೊತೆ. ಬಿಯರ್, ವೈನ್ ಇರಲಿ ಬಿಡಿ ಎನ್ನುವವರೇ ಹೆಚ್ಚು. ಆಗಿನ ಅಮೆರಿಕದಲ್ಲಿ ಕುಡಿತ ಎಷ್ಟಿತ್ತೆಂದರೆ, 1830ರ ಸುಮಾರಿಗೆ ಹದಿನೈದು ದಾಟಿದ ಪ್ರತಿಯೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 7 ಗ್ಯಾಲನ್, ಅಂದರೆ 26 ಲೀಟರಿನಷ್ಟು ಶುದ್ಧ ಆಲ್ಕೋಹಾಲ್ ಬರುತ್ತಿತ್ತು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಬಿಯರಿನಿಂದಲೂ ಮನೆ ಹಾಳಾಗುತ್ತದೆಂದು ಕಂಡ ಕೆಲಸಗಾರರು ಸಂಯಮದಿಂದ ಪೂರ್ಣ ತ್ಯಾಗದ ಕಡೆಗೆ ಹೊರಳಿದರು. 1832ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಚೀಸ್ ವ್ಯಾಪಾರಿ ಜೋಸೆಫ್ ಲಿವ್ಸಿಯೂ ಸೇರಿ ಏಳು ಮಂದಿ ಸಹಿ ಹಾಕಿದ ಪ್ರತಿಜ್ಞೆಯಲ್ಲಿ ಬಿಯರ್, ವೈನ್‌ಗಳೂ ಸೇರಿದ್ದವು. ಮುಂದಿನ ಬಾಂಧವ ಸಂಘಗಳೆಲ್ಲ ಪೂರ್ಣತ್ಯಾಗದವೇ.

ಆರು ಜನ, ಮತ್ತು ಒಂದು ಪಾಠ

1840ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಚೇಸ್ ಎಂಬವನ ಪಡಖಾನೆಯಲ್ಲಿ ಕುಡಿಯಲು ಕೂಡುತ್ತಿದ್ದ ಆರು ಮಂದಿ ತಾವೇ ಒಂದು ಸಂಘ ಮಾಡಿಕೊಂಡರು. ಒಬ್ಬ ದರ್ಜಿ, ಒಬ್ಬ ಬಡಗಿ, ಇಬ್ಬರು ಕಮ್ಮಾರರು, ಒಬ್ಬ ಸಾರೋಟು ಮಾಡುವವನು, ಒಬ್ಬ ಬೆಳ್ಳಿ ಕೆಲಸದವನು. ಜಾರ್ಜ್ ವಾಷಿಂಗ್ಟನ್ನನ ಹೆಸರಿಟ್ಟುಕೊಂಡದ್ದರಿಂದ ಇವರು ವಾಷಿಂಗ್ಟೋನಿಯನ್ನರಾದರು. ಅದುವರೆಗೆ ಪಾದ್ರಿಗಳೂ ವೈದ್ಯರೂ ಮಾತಾಡುತ್ತಿದ್ದ ವೇದಿಕೆಯಲ್ಲಿ ಈಗ ಕುಡುಕನಾಗಿದ್ದವನೇ ನಿಂತು ತನ್ನ ಪಾಡು ಹೇಳಿದ. ಬಂದವನು ಮುಂದಿನ ಸಭೆಗೆ ಇನ್ನೊಬ್ಬನನ್ನು ಕರೆತರಬೇಕು. ಇಷ್ಟೇ ಪದ್ಧತಿ. ಒಂದೆರಡು ವರ್ಷಗಳಲ್ಲಿ ಚಳವಳಿ ದೇಶವೆಲ್ಲ ಹರಡಿತು. 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇವರ ಸಭೆಯಲ್ಲಿ ಮಾತಾಡಿದವನು ಆಗಿನ್ನೂ ವಕೀಲನಾಗಿದ್ದ ಅಬ್ರಹಾಂ ಲಿಂಕನ್.

ಇಷ್ಟು ಬೇಗ ಏರಿದ ಚಳವಳಿ 1840ರ ದಶಕ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಗಿತ್ತು. ಕಾರಣ ತಿಳಿಯುವುದು ಕಷ್ಟವಲ್ಲ. ಸಹಿ ಹಾಕಿಸುವ ರಾತ್ರಿ ಅವರಿಗೆ ಗೊತ್ತಿತ್ತು. ಸಹಿ ಹಾಕಿದ ಮರುದಿನದಿಂದ ಏನು ಮಾಡಬೇಕೆಂಬುದಕ್ಕೆ ಏರ್ಪಾಡಿರಲಿಲ್ಲ. ಶಾಖೆಗಳನ್ನು ಬೆಸೆಯುವ ಕೇಂದ್ರವಿಲ್ಲ, ಕಾಯಿಲೆಗೆ ಹಣವಿಲ್ಲ, ಜಾರಿದವನನ್ನು ಹುಡುಕಿಕೊಂಡು ಹೋಗುವವರು ಗೊತ್ತುಪಡಿಸಿದವರಲ್ಲ. ಪ್ರಸಿದ್ಧ ಭಾಷಣಕಾರ ಜಾನ್ ಗಾಫ್ 1845ರಲ್ಲಿ ಮತ್ತೆ ಕುಡಿದು ಸಿಕ್ಕಿಬಿದ್ದಾಗ ಊರೂರಿನ ಪತ್ರಿಕೆಗಳು ಕುಣಿದವು. ಜೊತೆಗೆ ಮದ್ಯ ನಿಷೇಧದ ಕಾಯಿದೆ ಬೇಕೇ ಬೇಡವೇ ಎಂಬ ಜಗಳ ಒಳಗೇ ಹೊತ್ತಿತು. ನಮ್ಮಲ್ಲಿ ಧರ್ಮಸ್ಥಳದ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೋಡಿದವರಿಗೆ ಈ ಕೊರತೆ ಚೆನ್ನಾಗಿ ಅರ್ಥವಾದೀತು: ಅಲ್ಲಿ ಶಿಬಿರ ಮುಗಿದವರನ್ನು ‘ನವಜೀವನ ಸಮಿತಿ’ಗಳಲ್ಲಿ ಸೇರಿಸುವುದು ಈ ಮರುದಿನದ ಚಿಂತೆಯಿಂದಲೇ.

ಮರುದಿನಕ್ಕೊಂದು ಯಂತ್ರ

ಆ ಕೊರತೆಯನ್ನು ತುಂಬಲೆಂದೇ 1842ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕಿನಲ್ಲಿ 16 ಮಂದಿ ‘ಸನ್ಸ್ ಆಫ್ ಟೆಂಪರೆನ್ಸ್’ ಕಟ್ಟಿದರು. ಇವರು ಆಗಿನ ಗುಟ್ಟಿನ ಬಾಂಧವ ಕೂಟಗಳಾದ ಮೇಸನ್ನರಿಂದ, ಆಡ್‌ಫೆಲೋಗಳಿಂದ ರೂಪುರೇಷೆ ಎರವಲು ಪಡೆದರು: ಮುಚ್ಚಿದ ಬಾಗಿಲು, ಸಂಕೇತಪದ, ಹೆಗಲಿಗೆ ಪಟ್ಟಿ, ಪದವಿಗಳು. ಊರಿನ ಶಾಖೆಗೆ ‘ಡಿವಿಷನ್’, ರಾಜ್ಯಕ್ಕೆ ‘ಗ್ರ್ಯಾಂಡ್ ಡಿವಿಷನ್’, ಮೇಲೆ ‘ನ್ಯಾಷನಲ್ ಡಿವಿಷನ್’. ಆರಂಭದ ದಿನಗಳಲ್ಲಿ ಸೇರುವ ಶುಲ್ಕ 2 ಡಾಲರ್, ಅಂದರೆ ಬಡ ಕೂಲಿಯವನೊಬ್ಬನ ಸುಮಾರು ಒಂದು ವಾರದ ದುಡಿಮೆ. ಆಮೇಲೆ ವಾರಕ್ಕೆ 6 ಸೆಂಟ್ ವಂತಿಗೆ. ಪ್ರತಿಜ್ಞೆ ಮುರಿದರೆ 1 ಡಾಲರ್ ದಂಡ. ಸದಸ್ಯ ಸತ್ತರೆ ಶವಸಂಸ್ಕಾರಕ್ಕೆ 30 ಡಾಲರ್. ಮದ್ಯವನ್ನು ಮಾಡುವುದಿಲ್ಲ, ಕೊಳ್ಳುವುದಿಲ್ಲ, ಮಾರುವುದಿಲ್ಲ, ಕುಡಿಯುವುದಿಲ್ಲ ಎಂಬ ನಾಲ್ಕೂ ಪ್ರತಿಜ್ಞೆಯಲ್ಲಿದ್ದವು. ಹತ್ತು ವರ್ಷ ತುಂಬುವ ಮೊದಲೇ ಸದಸ್ಯರು ಎರಡು ಲಕ್ಷ ದಾಟಿದರು.

ಇಂಥ ಶಾಖೆಗಳನ್ನು, ಮುಂದೆ ಬರುವ ಗುಡ್ ಟೆಂಪ್ಲರರಂಥ ಸಂಘಗಳು ‘ಲಾಡ್ಜ್’ ಎನ್ನುತ್ತಿದ್ದವು. ನಮ್ಮಲ್ಲಿ ಲಾಡ್ಜ್ ಎಂದರೆ ತಂಗುವ ಕೋಣೆ, ಇಲ್ಲಿ ಅದು ಸಭೆ. ವಾರಕ್ಕೊಂದು ಸಂಜೆ ನಡೆಯುತ್ತಿದ್ದ ಆ ಸಭೆ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಶಕ್ತಿಯೆಲ್ಲ ಇದ್ದದ್ದು ಅದರಲ್ಲೇ. ಹೊರಬಾಗಿಲಲ್ಲಿ ಒಬ್ಬ ಕಾವಲುಗಾರ, ಒಳಬಾಗಿಲಲ್ಲಿ ಇನ್ನೊಬ್ಬ. ಒಳಗೆ ಬರಲು ಆ ಮೂರು ತಿಂಗಳ ಸಂಕೇತಪದ ಹೇಳಬೇಕು. ಈ ಪದ ಗುಟ್ಟಿಗಾಗಿ ಇದ್ದದ್ದಕ್ಕಿಂತ ಹೆಚ್ಚಾಗಿ ಲೆಕ್ಕಕ್ಕಾಗಿ ಇತ್ತು: ವಂತಿಗೆಯ ಬಾಕಿ ಕಟ್ಟಿದವರಿಗೆ ಮಾತ್ರ ಹೊಸ ಪದ. ರಸೀದಿ ಪುಸ್ತಕವನ್ನು ಬಾಗಿಲಲ್ಲಿ ತಿರುವಿ ನೋಡುವ ಕೆಲಸ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಒಳಗೆ ಅಧ್ಯಕ್ಷ ಒಂದು ತುದಿಯಲ್ಲಿ, ಉಪಾಧ್ಯಕ್ಷ ಎದುರು ತುದಿಯಲ್ಲಿ, ಕಾರ್ಯದರ್ಶಿ ಮತ್ತು ಖಜಾಂಚಿ ತಮ್ಮ ತಮ್ಮ ಮೇಜಿಗೆ. ಮರದ ಸುತ್ತಿಗೆಯ ಪೆಟ್ಟು, ಪ್ರಾರಂಭದ ಹಾಡು, ಹಿಂದಿನ ಸಭೆಯ ನಡಾವಳಿ. ಹೊಸಬರ ಹೆಸರು ಬಂದರೆ ಬಿಳಿ, ಕಪ್ಪು ಗುಂಡುಗಳನ್ನು ಪೆಟ್ಟಿಗೆಗೆ ಹಾಕಿ ಗುಟ್ಟಿನ ಮತ. ಒಪ್ಪಿಗೆಯಾದರೆ ದೀಕ್ಷೆ. ಆಮೇಲೆ ಯಾರು ಹಾಸಿಗೆ ಹಿಡಿದಿದ್ದಾರೆ, ನೋಡಿಬಂದವರು ಯಾರು ಎಂಬ ವಿಚಾರ.

ಮುಂದಿನದು ನುಂಗಲು ಕಷ್ಟದ ಭಾಗ. ಯಾರಾದರೂ ಪ್ರತಿಜ್ಞೆ ಮುರಿದದ್ದು ಕಂಡುಬಂದಿದೆಯೇ ಎಂದು ಕೇಳಲಾಗುತ್ತಿತ್ತು. ಆರೋಪ ಬಂದರೆ ವಿಚಾರಣೆ. ತಪ್ಪೊಪ್ಪಿಕೊಂಡವನನ್ನು ಮತ ಹಾಕಿ ಮತ್ತೆ ಪ್ರತಿಜ್ಞೆ ಮಾಡಿಸಿ ಉಳಿಸಿಕೊಳ್ಳಬಹುದು, ಇಲ್ಲವೇ ಹೊರಹಾಕಬಹುದು. ಕುಡಿತ ಬಿಡುವವನು ಒಂದೆರಡು ಸಲ ಜಾರುವುದು ರೂಢಿಯೆಂದು ಇವರಿಗೆ ಗೊತ್ತಿತ್ತು. ಹಿಂದಿರುಗುವ ದಾರಿಯನ್ನು ನಿಯಮಾವಳಿಯಲ್ಲೇ ಬರೆದಿಟ್ಟರು. ನನ್ನ ಮಟ್ಟಿಗೆ ಈ ಸಂಘಗಳ ದೊಡ್ಡ ಶೋಧ ಇದೇ. ಸೋತವನಿಗೆ ಮುಖ ತೋರಿಸಲು ಗೊತ್ತಾದ ಒಂದು ದಿನ, ಒಂದು ಜಾಗ, ಒಂದು ವಿಧಾನ ಇತ್ತು. ಕೊನೆಗೆ ಚರ್ಚೆ, ಪದ್ಯವಾಚನ, ಹಾಡು. ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಮೊದಲ ಸಲ ಎದ್ದು ನಿಂತು ನಾಲ್ಕು ಮಾತಾಡಲು, ನಡಾವಳಿ ಬರೆಯಲು, ಲೆಕ್ಕ ಒಪ್ಪಿಸಲು ಕಲಿತದ್ದು ಇಲ್ಲಿ. ಮೂರು ತಿಂಗಳಿಗೊಮ್ಮೆ ಪದಾಧಿಕಾರಿಗಳು ಬದಲಾಗುತ್ತಿದ್ದರಿಂದ ಎಲ್ಲರ ಪಾಲಿಗೂ ಒಂದು ಸರದಿ ಬರುತ್ತಿತ್ತು.

ಯಾರು ಒಳಗೆ, ಯಾರು ಹೊರಗೆ

ಸನ್ಸ್ ಸಂಘ ಹೆಸರಿಗೆ ತಕ್ಕಂತೆ ಗಂಡಸರದು. ಕುಡಿತದ ಪೆಟ್ಟು ತಿನ್ನುವವರು ಹೆಂಗಸರು, ಆದರೆ ಸಭೆಯಲ್ಲಿ ಅವರು ಕೇಳುಗರು. 1852ರ ಜನವರಿಯಲ್ಲಿ ಆಲ್ಬನಿಯಲ್ಲಿ ನಡೆದ ಇವರ ಅಧಿವೇಶನಕ್ಕೆ ಮಹಿಳಾ ಶಾಖೆಯ ಪ್ರತಿನಿಧಿಯಾಗಿ ಹೋಗಿದ್ದ ಸೂಸನ್ ಆಂಟನಿ ಮಾತಾಡಲು ಎದ್ದಾಗ, ಸೋದರಿಯರನ್ನು ಕರೆದದ್ದು ಕೇಳಿ ಕಲಿಯಲಿಕ್ಕೆ ಎಂಬ ಉತ್ತರ ಬಂತು. ಆಕೆ ಎದ್ದು ಹೊರನಡೆದು ಬೇರೆ ಸಂಘ ಕಟ್ಟಿದಳು. ಮುಂದೆ ಮಹಿಳಾ ಮತದಾನದ ಹೋರಾಟದ ಮುಂಚೂಣಿಯಲ್ಲಿ ನಿಂತವಳು ಇವಳೇ. ಸನ್ಸ್ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಕೊಟ್ಟದ್ದು 1866ರಲ್ಲಿ.

ಅಷ್ಟರೊಳಗೆ ನ್ಯೂಯಾರ್ಕ್ ರಾಜ್ಯದ ಯೂಟಿಕಾ, ಸಿರಕ್ಯೂಸ್ ಕಡೆ 1851-52ರಲ್ಲಿ ಹುಟ್ಟಿದ ‘ಇಂಡಿಪೆಂಡೆಂಟ್ ಆರ್ಡರ್ ಆಫ್ ಗುಡ್ ಟೆಂಪ್ಲರ್ಸ್’ ಮುಂದೆ ಹೋಗಿತ್ತು. ಇಲ್ಲಿ ಹೆಣ್ಣುಮಕ್ಕಳು ಮೊದಲಿಂದಲೂ ಸರಿಸಮ ಸದಸ್ಯರು, ಪದಾಧಿಕಾರಕ್ಕೂ ಅರ್ಹರು. ಕಾಯಿಲೆ ಹಣದ ಹೊಣೆಯನ್ನು ಹೊರದ ಕಾರಣ ವಂತಿಗೆ ಕಡಿಮೆ, ಬಡವರೂ ಹದಿಹರೆಯದವರೂ ಸೇರಿದರು. ಜೋಸೆಫ್ ಮಾಲಿನ್ಸ್ ಎಂಬ ಬರ್ಮಿಂಗ್‌ಹ್ಯಾಮಿನ ಕೆಲಸಗಾರ ಅಮೆರಿಕದಲ್ಲಿ ಸೇರಿ, 1868ರಲ್ಲಿ ಊರಿಗೆ ಮರಳಿ ಇಂಗ್ಲೆಂಡಿನ ಮೊದಲ ಲಾಡ್ಜ್ ತೆರೆದ. ಐದಾರು ವರ್ಷಗಳಲ್ಲಿ ಅಲ್ಲಿನ ಸದಸ್ಯರು ಎರಡು ಲಕ್ಷದ ಹತ್ತಿರ ಬಂದರು.

ವಿಶ್ವಬಾಂಧವ್ಯ ಎಂದು ಸಾರಿದ ಸಂಘಕ್ಕೆ ಪರೀಕ್ಷೆ ಬಂದದ್ದು ಬಣ್ಣದಿಂದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನ ಸದಸ್ಯರಾಗಲು ಬಂದಾಗ ಅಲ್ಲಿನ ಬಿಳಿಯರು ಬಾಗಿಲು ತೆರೆಯಲಿಲ್ಲ. 1876ರಲ್ಲಿ ಕೆಂಟಕಿಯ ಲೂಯಿವಿಲ್ ಅಧಿವೇಶನದಲ್ಲಿ ಮಾಲಿನ್ಸ್ ಮತ್ತು ಬ್ರಿಟಿಷ್ ಪ್ರತಿನಿಧಿಗಳು ಇದೇ ಕಾರಣಕ್ಕೆ ಸಭೆ ಬಿಟ್ಟು ಹೊರಬಂದರು. ತಾನೇ ಗುಲಾಮನಾಗಿದ್ದು ಪಾರಾಗಿ ಬಂದ ಲೇಖಕ ವಿಲಿಯಂ ವೆಲ್ಸ್ ಬ್ರೌನ್ ಇವರ ಜೊತೆ ನಿಂತ. 1887ರಲ್ಲಿ ಸರಟೋಗದಲ್ಲಿ ಎರಡು ಬಣಗಳು ಒಂದಾದವು, ಆದರೆ ಬೇರೆ ಬೇರೆ ಲಾಡ್ಜ್‌ಗಳಿಗೆ ಅವಕಾಶ ಕೊಟ್ಟು. ಹನ್ನೊಂದು ವರ್ಷದ ಹೋರಾಟದ ಕೊನೆಗೆ ಸಿಕ್ಕಿದ್ದು ಅಷ್ಟು ಎಂಬುದು ನೋವಿನ ಸಂಗತಿ.

ಭಾರತಕ್ಕೆ ಈ ಗಾಳಿ ಬಂದದ್ದು ಬ್ರಿಟಿಷ್ ಸೈನ್ಯದ ಬ್ಯಾರಕ್ಕುಗಳ ದಾರಿಯಿಂದ. 1862ರಲ್ಲಿ ಆಗ್ರಾದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಗ್ರೆಗ್‌ಸನ್ ಸೈನಿಕರಿಗಾಗಿ ಪೂರ್ಣತ್ಯಾಗದ ಸಂಘ ಆರಂಭಿಸಿದರು. 1888ರಲ್ಲಿ ಸೇನಾಧಿಪತಿ ರಾಬರ್ಟ್ಸ್ ಇಂಥ ಸಂಘಗಳನ್ನು ಒಂದು ಮಾಡಿ ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್ ರೂಪಿಸಿದರು. ಇಷ್ಟು ಕಾಲ ಕುಡಿಯದವನಿಗೆ ಇಂಥ ಪದಕ ಎಂಬ ಪದ್ಧತಿ ಅಲ್ಲಿತ್ತು.

ಹಣದ ಲೆಕ್ಕ ಎಲ್ಲಿ ತಪ್ಪಿತು

ಕಾಯಿಲೆ ನಿಧಿ ಇಟ್ಟಿದ್ದ ಸಂಘಗಳು ಮುಳುಗಿದ್ದು ಗಣಿತದಲ್ಲಿ. ಒಂದು ಉದಾಹರಣೆ ಮಾಡಿಕೊಳ್ಳೋಣ. ನೂರು ಸದಸ್ಯರ ಶಾಖೆ, ತಲೆಗೆ ವಾರಕ್ಕೆ 6 ಸೆಂಟ್. ವಾರಕ್ಕೆ 6 ಡಾಲರ್, ವರ್ಷಕ್ಕೆ 312. ಒಂದು ಸಾವಿಗೆ 30 ಡಾಲರ್ ಹೋಯಿತು. ಕೋಣೆಯ ಬಾಡಿಗೆ, ದೀಪದ ಎಣ್ಣೆ, ಸೌದೆಗೆ 50 ಎನ್ನಿ. ಉಳಿದದ್ದು 232. ಹಾಸಿಗೆ ಹಿಡಿದವನಿಗೆ ವಾರಕ್ಕೆ 3 ಡಾಲರ್ ಕೊಡುವುದಾದರೆ ಇಡೀ ಶಾಖೆಗೆ ವರ್ಷದಲ್ಲಿ 77 ವಾರಗಳ ಕಾಯಿಲೆಯನ್ನು ತಡೆದುಕೊಳ್ಳಬಹುದು. ತಲೆಗೆ ಐದಾರು ದಿನ. ಎಲ್ಲರೂ ಇಪ್ಪತ್ತೈದರ ಪ್ರಾಯದವರಾಗಿದ್ದಾಗ ಇದು ಸಾಲುತ್ತದೆ, ಪೆಟ್ಟಿಗೆಯಲ್ಲಿ ಸ್ವಲ್ಪ ಮಿಗುತ್ತದೆ ಕೂಡ. ಮಿಕ್ಕದ್ದನ್ನು ಕಂಡು ಕೈ ಸಡಿಲ ಬಿಡುವುದು ಮೊದಲ ತಪ್ಪು. ಇಪ್ಪತ್ತೈದು ವರ್ಷ ಕಳೆದು ಅದೇ ಜನ ಐವತ್ತಕ್ಕೆ ಬಂದಾಗ ತಲೆಗೆ ಎರಡು ವಾರದ ಕಾಯಿಲೆ ಎಂದರೂ 600 ಡಾಲರ್ ಬೇಕು. ಆದಾಯ ಅದೇ 312.

ಹೊಸಬರು ಸೇರುತ್ತಲೇ ಇದ್ದರೆ ಈ ತೂತು ಕಾಣುವುದಿಲ್ಲ. ಮೂವತ್ತು ಜನ ಸೇರಿದರೆ ಶುಲ್ಕವೇ 60 ಡಾಲರ್. ಆದರೆ ವಂತಿಗೆ ಹೆಚ್ಚಿಸಿದ ದಿನ ಮೊದಲು ಬಿಡುವವರು ಆರೋಗ್ಯವಂತ ಹುಡುಗರು. ಉಳಿಯುವವರು ಮುದುಕರು, ರೋಗಿಗಳು. ಮತ್ತೆ ಹೆಚ್ಚಿಸಬೇಕು, ಮತ್ತೆ ಹುಡುಗರು ಹೋಗುತ್ತಾರೆ. ಸಾವಿಗೊಂದು ಪಾಲು ಎಂದು ವಯಸ್ಸು ನೋಡದೆ ಸದಸ್ಯರಿಂದ ಎತ್ತಿ ಕೊಡುತ್ತಿದ್ದ ಅಮೆರಿಕದ ವಿಮೆ ಬಾಂಧವ ಸಂಘಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಲುಸಾಲಾಗಿ ಬಿದ್ದದ್ದು ಈ ಸುಳಿಗೆ ಸಿಕ್ಕಿ. ಬ್ರಿಟನ್ನಿನಲ್ಲಿ 1875ರ ಕಾಯಿದೆ ಸಹಾಯ ಸಂಘಗಳು ಐದು ವರ್ಷಕ್ಕೊಮ್ಮೆ ಆಸ್ತಿ ಮತ್ತು ಹೊಣೆಯ ಮೌಲ್ಯಮಾಪನ ಮಾಡಿಸಬೇಕೆಂದಿತು. ರೆಕಾಬೈಟರು ಇಪ್ಪತ್ತನೆಯ ಶತಮಾನಕ್ಕೂ ಗಟ್ಟಿಯಾಗಿ ದಾಟಿದ್ದರಲ್ಲಿ ಈ ಶಿಸ್ತಿನ ಪಾಲು ದೊಡ್ಡದು.

ಪಾನತ್ಯಾಗಿಗಳಿಗೆ ಒಂದು ಅನುಕೂಲವೂ ಇತ್ತು. 1840ರಲ್ಲಿ ರಾಬರ್ಟ್ ವಾರ್ನರ್ ಎಂಬ ಕ್ವೇಕರ್ ಪಂಥದ ಕ್ರೈಸ್ತ ಜೀವವಿಮೆ ಮಾಡಿಸಲು ಹೋದಾಗ, ಕುಡಿಯದವನ ಆಯುಸ್ಸು ಕಡಿಮೆ ಎಂದು ಕಂಪನಿ ಶೇ 10ರಷ್ಟು ಹೆಚ್ಚು ಕಂತು ಕೇಳಿತು. ಅವನು ಪಾನತ್ಯಾಗಿಗಳದೇ ವಿಮಾ ಸಂಸ್ಥೆ ಕಟ್ಟಿದ. ಮುಂದೆ ಅದು ಕುಡಿಯುವವರನ್ನೂ ಬೇರೆ ವಿಭಾಗದಲ್ಲಿ ಸೇರಿಸಿಕೊಂಡು ಎರಡು ಲೆಕ್ಕ ಇಟ್ಟಿತು. ದಶಕಗಳ ಕಾಲ ಪಾನತ್ಯಾಗಿಗಳ ವಿಭಾಗದಲ್ಲೇ ಸಾವು ಕಡಿಮೆ ಬಂತು. ಪ್ರತಿಜ್ಞೆ ಮಾಡುವವರು ಉಳಿದ ಅಭ್ಯಾಸಗಳಲ್ಲೂ ಜಾಗರೂಕರಾಗಿರುತ್ತಾರೆ, ಆದ್ದರಿಂದ ಅಂತರವೆಲ್ಲ ಮದ್ಯದ್ದೇ ಎನ್ನಲಾಗದು. ಆದರೂ ಕಂಪನಿಯ ಮೊದಲಿನ ನಂಬಿಕೆ ತಲೆಕೆಳಗಾಗಿತ್ತು.

ಗೆಲುವೂ ಹೊರೆಯಾದದ್ದು

ಬಂದವರನ್ನು ಉಳಿಸಿಕೊಳ್ಳುವುದು ಯಾವಾಗಲೂ ಕಷ್ಟವೇ ಆಗಿತ್ತು. ಕುಡಿದು ಹೊರಬಿದ್ದವರಿಗಿಂತ ವಂತಿಗೆ ನಿಲ್ಲಿಸಿ ಹೊರಬಿದ್ದವರು ಬಹಳ. ವಿಧಿಗಳ ರಹಸ್ಯವೂ ಮುಳುವಾಯಿತು: 1894ರಲ್ಲಿ ಕ್ಯಾಥೊಲಿಕ್ ಚರ್ಚ್ ತನ್ನವರು ಸನ್ಸ್ ಆಫ್ ಟೆಂಪರೆನ್ಸ್ ಸೇರಬಾರದೆಂದು ವಿಧಿಸಿತು. ಆದರೆ ಆಳದ ಬದಲಾವಣೆ ಕಾಯಿದೆಯ ಕಡೆಗೆ ಹೊರಳಿದ್ದರಿಂದ ಬಂತು. 1851ರಲ್ಲಿ ಮೇಯ್ನ್ ರಾಜ್ಯ ಮದ್ಯ ನಿಷೇಧಿಸಿತು, ಹತ್ತಕ್ಕೂ ಹೆಚ್ಚು ರಾಜ್ಯಗಳು ಹಿಂಬಾಲಿಸಿದವು. ಕುಡುಕನ ಮನೆಗೆ ಹೋಗುತ್ತಿದ್ದ ಸಂಜೆಗಳು ಈಗ ಮತಯಾಚನೆಗೆ ಹೋದವು. 1869ರ ಪ್ರೊಹಿಬಿಷನ್ ಪಕ್ಷದ ಹಿಂದೆ ಇದ್ದವರು ಗುಡ್ ಟೆಂಪ್ಲರರೇ. 1893ರಲ್ಲಿ ಒಹಾಯೊದಲ್ಲಿ ಶುರುವಾದ, ‘ಪಡಖಾನೆ ವಿರೋಧಿ ಕೂಟ’ ಎಂಬರ್ಥದ ಆಂಟಿ-ಸಲೂನ್ ಲೀಗ್‌ಗೆ ಲಾಡ್ಜೂ ಇಲ್ಲ, ಪಟ್ಟಿಯೂ ಇಲ್ಲ. ಚರ್ಚುಗಳಿಂದ ಹಣ, ಸಂಬಳದ ನೌಕರರು, ಯಾವ ಪಕ್ಷದವನಾದರೂ ಸರಿ ನಿಷೇಧಕ್ಕೆ ಮತ ಹಾಕುವವನಿಗೆ ಬೆಂಬಲ. ಕಾಯಿದೆ ತರಲು ಇದೇ ಒಳ್ಳೆಯ ಸಾಧನ. 1920ರ ಜನವರಿ 17ರಂದು ಅಮೆರಿಕವಿಡೀ ನಿಷೇಧ ಜಾರಿಗೆ ಬಂದಾಗ, ಗುರಿ ತಲುಪಿತಲ್ಲ ಎಂದು ಲಾಡ್ಜ್‌ಗೆ ಬರುವವರು ಕಡಿಮೆಯಾದರು. 1933ರ ಡಿಸೆಂಬರ್ 5ರಂದು ಅದು ರದ್ದಾದಾಗ, ಸೋತ ಪಕ್ಷದ ಹೆಸರು ಹೊತ್ತು ಕೂರಲು ಹೆಚ್ಚು ಮಂದಿ ಉಳಿದಿರಲಿಲ್ಲ.

ಬ್ರಿಟನ್ನಿನಲ್ಲಿ ಪೆಟ್ಟಿಗೆಯನ್ನು ಎತ್ತಿಕೊಂಡದ್ದು ಸರ್ಕಾರ. 1911ರ ರಾಷ್ಟ್ರೀಯ ವಿಮಾ ಕಾಯಿದೆಯಂತೆ ಕೆಲಸಗಾರ 4 ಪೆನ್ನಿ, ಮಾಲೀಕ 3, ಸರ್ಕಾರ 2 ಪೆನ್ನಿ ಹಾಕಿದರೆ ಕಾಯಿಲೆ ಬಿದ್ದ ಗಂಡಸಿಗೆ ವಾರಕ್ಕೆ 10 ಶಿಲ್ಲಿಂಗ್. ಮೊದಲು ರೆಕಾಬೈಟರಿಗೆ ಇದರಿಂದ ಲಾಭವೇ ಆಯಿತು, ಏಕೆಂದರೆ ಹಣ ಹಂಚುವ ಮಾನ್ಯತೆ ಇಂಥ ಸಂಘಗಳಿಗೇ ಸಿಕ್ಕಿತು. ಆದರೆ ಸದಸ್ಯ ಈಗ ಕಚೇರಿಯ ಗಿರಾಕಿ, ಗುಡಾರದ ಬಾಂಧವನಲ್ಲ. 1948ರ ಜುಲೈನಲ್ಲಿ ಸರ್ಕಾರ ಹಂಚಿಕೆಯನ್ನೂ ತಾನೇ ವಹಿಸಿಕೊಂಡಿತು. ಸಂಜೆಯ ಮನರಂಜನೆಯನ್ನು ಅದಾಗಲೇ ಸಿನಿಮಾ, ಫುಟ್‌ಬಾಲ್, ರೇಡಿಯೊಗಳು ಒಯ್ದಿದ್ದವು.

ಸ್ವೀಡನ್ನಿನಲ್ಲಿ ಮಾತ್ರ ಕತೆ ಬೇರೆ. 1879ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ಗುಡ್ ಟೆಂಪ್ಲರ್ ಲಾಡ್ಜ್ ತೆರೆಯಿತು. ಸಾಮಾನ್ಯರಿಗೆ ಮತದಾನವಿಲ್ಲದಿದ್ದ ಆ ದೇಶದಲ್ಲಿ ಲಾಡ್ಜ್ ಪ್ರಜಾಪ್ರಭುತ್ವದ ಶಾಲೆಯಾಯಿತು. 1902ರಲ್ಲಿ ಲುಂಡ್ ಪಟ್ಟಣದಲ್ಲಿ ಆಸ್ಕರ್ ಓಲ್ಸನ್ ‘ಅಧ್ಯಯನ ವೃತ್ತ’ ಆರಂಭಿಸಿದರು. ಹತ್ತಾರು ಜನ ಸೇರಿ ಪುಸ್ತಕ ಕೊಳ್ಳುವುದು, ಓದಿ ಚರ್ಚಿಸುವುದು, ಓದಾದ ಮೇಲೆ ಪುಸ್ತಕಗಳು ಲಾಡ್ಜ್‌ನ ಗ್ರಂಥಾಲಯಕ್ಕೆ. ಮೇಷ್ಟರು ಬೇಕಿಲ್ಲ, ಶುಲ್ಕ ಬೇಕಿಲ್ಲ. 1912ರಿಂದ ಸರ್ಕಾರವೇ ಇಂಥ ಗ್ರಂಥಾಲಯಗಳಿಗೆ ಅನುದಾನ ಕೊಟ್ಟಿತು. 1922ರ ಜನಮತಗಣನೆಯಲ್ಲಿ ಮದ್ಯ ನಿಷೇಧ ಶೇ 49ಕ್ಕೆ 51ರಂತೆ ಸೋತಿತು. ಅಧ್ಯಯನ ವೃತ್ತಗಳು ಸೋಲಲಿಲ್ಲ, ಪಾನತ್ಯಾಗಕ್ಕೆ ಸಂಬಂಧವಿಲ್ಲದ ಸಂಘಟನೆಗಳೂ ಇಂದಿಗೂ ಅವನ್ನು ನಡೆಸುತ್ತಿವೆ. ಗುಡ್ ಟೆಂಪ್ಲರರ ಅಂತರರಾಷ್ಟ್ರೀಯ ಸಂಸ್ಥೆಯ ಕೇಂದ್ರ ಈಗ ಸ್ಟಾಕ್‌ಹೋಮ್‌ನಲ್ಲಿದೆ. 2020ರಿಂದ ಅದರ ಹೆಸರು ಮೊವೆಂಡಿ ಇಂಟರ್‌ನ್ಯಾಷನಲ್.

ಜಾರಿದವನನ್ನು ಮೇಲೆತ್ತುವ ಹಳೆಯ ಕೆಲಸಕ್ಕೆ ಅಮೆರಿಕದಲ್ಲಿ ವಾರಸುದಾರರಾಗಿ ಬಂದವರು 1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್. ವಾಷಿಂಗ್ಟೋನಿಯನ್ನರ ಗತಿಯನ್ನು ಅವರು ಓದಿ ತಿಳಿದಿದ್ದರು, ಅದು ತಮಗೊಂದು ಎಚ್ಚರಿಕೆ ಎಂದು ಬರೆದಿದ್ದಾರೆ. ಅವರ ನಿಯಮಗಳನ್ನು ಈ ಇತಿಹಾಸದ ಪಕ್ಕದಲ್ಲಿಟ್ಟು ಓದಬೇಕು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಸಭೆಯಲ್ಲಿ ಕೈಲಾದದ್ದನ್ನು ಹಾಕುತ್ತಾರೆ, ಹೊರಗಿನ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಮದ್ಯದ ಕಾಯಿದೆಯ ಬಗ್ಗೆ ಸಂಘಕ್ಕೆ ಅಭಿಪ್ರಾಯವಿಲ್ಲ. ಪತ್ರಿಕೆಗಳಲ್ಲಿ ಸದಸ್ಯರ ಹೆಸರು ಬರಕೂಡದು, ಆದ್ದರಿಂದ ಒಬ್ಬ ಭಾಷಣಕಾರ ಜಾರಿದರೆ ಸಂಘವೇ ಕೆಳಗೆ ಬೀಳುವುದಿಲ್ಲ. ವಾರದ ಸಭೆ, ತನ್ನ ಪಾಡನ್ನು ತಾನೇ ಹೇಳುವ ಪದ್ಧತಿ, ಮತ್ತೆ ಕುಡಿದು ಬಂದವನಿಗೆ ತೆರೆದ ಬಾಗಿಲು ಹಾಗೆಯೇ ಉಳಿದಿವೆ. ಶವಸಂಸ್ಕಾರದ 30 ಡಾಲರಿನ ಹೊಣೆಯನ್ನು ಮಾತ್ರ ಅವರು ಹೊತ್ತುಕೊಳ್ಳಲಿಲ್ಲ.